ತಪಸ್ಸು ಕಾಲ: ನಲವತ್ತು ದಿನದ ಲೆಕ್ಕ, ಐವತ್ತು ದಿನದ ಮರೆವು

ಮಾನ್ಯ ಸಂಪಾದಕರೇ,

ಪಾಸ್ಕ (ಈಸ್ಟರ್) ಹಬ್ಬಕ್ಕೆ ಸಿದ್ಧವಾಗುವ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಹತ್ತಿರ ಬಂದಂತೆ ಕಥೋಲಿಕರ ನಡುವೆ ಒಂದೇ ಪ್ರಶ್ನೆ ಓಡಾಡುತ್ತದೆ: ಈ ಸಲ ಏನು ಬಿಡುತ್ತೀರಿ? ಒಬ್ಬರು ಮಾಂಸ ಎನ್ನುತ್ತಾರೆ, ಇನ್ನೊಬ್ಬರು ಸಿಹಿ, ಮತ್ತೊಬ್ಬರು ಮೊಬೈಲ್. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ಪಾಸ್ಕ ಹಬ್ಬದ ಭಾನುವಾರ ಶುಭಾಶಯಗಳ ವಿನಿಮಯವಾಗುತ್ತದೆ. ಸೋಮವಾರದಿಂದ ಬಿಟ್ಟದ್ದೆಲ್ಲ ಬಡ್ಡಿ ಸಮೇತ ವಾಪಸು ಬರುತ್ತದೆ. ಹೀಗೆ ನಡೆಸಿದ ತಪಸ್ಸು ಕಾಲದಿಂದ ಒಳಗೆ ಏನೂ ಬೆಳೆಯುವುದಿಲ್ಲ. ಏನು ಬಿಡಬೇಕು ಎಂಬುದು ಎರಡನೆಯ ಪ್ರಶ್ನೆ. ಯಾವುದಕ್ಕಾಗಿ ಬಿಡಬೇಕು ಎಂಬ ಮೊದಲನೆಯ ಪ್ರಶ್ನೆಯನ್ನು ನಾವು ಕೇಳುವುದನ್ನೇ ಮರೆತಿದ್ದೇವೆ.

ಅದಕ್ಕೆ ಉತ್ತರ ಇರುವುದು ಹಬ್ಬದ ಹಿಂದಿನ ಶನಿವಾರ ನಡೆಯುವ ಪಾಸ್ಕ ಜಾಗರಣೆಯ ರಾತ್ರಿಯಲ್ಲಿ. ಅಂದು ವಾಚನಗಳೂ ಪ್ರಬೋಧನೆಯೂ ಮುಗಿದ ಮೇಲೆ ಇಡೀ ಸಭೆ ಉರಿಯುವ ಮೊಂಬತ್ತಿ ಹಿಡಿದು ಎದ್ದು ನಿಲ್ಲುತ್ತದೆ. ಗುರುಗಳು ಮೊದಲು ಮೂರು ಪ್ರಶ್ನೆ ಕೇಳುತ್ತಾರೆ: ಸೈತಾನನನ್ನು ತ್ಯಜಿಸುತ್ತೀರಾ? ಅವನ ಎಲ್ಲ ಕೆಲಸಗಳನ್ನು? ಅವನ ಪೊಳ್ಳು ಆಡಂಬರವನ್ನು? ಆಮೇಲೆ ಇನ್ನೂ ಮೂರು: ಪಿತನಲ್ಲಿ, ಆತನ ಏಕೈಕ ಪುತ್ರ ಯೇಸು ಕ್ರಿಸ್ತರಲ್ಲಿ, ಪವಿತ್ರಾತ್ಮರಲ್ಲಿ ಮತ್ತು ಧರ್ಮಸಭೆಯಲ್ಲಿ ವಿಶ್ವಾಸವಿಡುತ್ತೀರಾ? ಪ್ರತಿಯೊಂದಕ್ಕೂ ಬಾಯಿಬಿಟ್ಟು ಉತ್ತರ ಹೇಳಬೇಕು. ಶಿಶುವಾಗಿದ್ದಾಗ ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ) ನಮ್ಮ ಪರವಾಗಿ ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ ಕೊಟ್ಟಿದ್ದ ಮಾತನ್ನು ಅಂದು ನಾವೇ ಕೊಡುತ್ತೇವೆ. ನಂತರ ಆಶೀರ್ವದಿಸಿದ ನೀರಿನ ಪ್ರೋಕ್ಷಣೆ. ಕೆಲವೇ ನಿಮಿಷಗಳ ಈ ವಿಧಿಗೆ ಸಜ್ಜಾಗಲೆಂದೇ ಅದರ ಹಿಂದಿನ ಆರು ವಾರಗಳಿವೆ. ತಪಸ್ಸು ಕಾಲಕ್ಕೆ ಎರಡು ಮುಖಗಳಿವೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟವಾಗಿ ಹೇಳಿತು: ಒಂದು, ಜ್ಞಾನಸ್ನಾನದ ಸ್ಮರಣೆ ಅಥವಾ ಅದಕ್ಕೆ ಸಿದ್ಧತೆ, ಇನ್ನೊಂದು, ಪ್ರಾಯಶ್ಚಿತ್ತ. ಎರಡನೆಯದನ್ನು ನಾವು ಉಳಿಸಿಕೊಂಡೆವು, ಮೊದಲನೆಯದನ್ನು ಕೈಬಿಟ್ಟೆವು. ಗುರಿ ಕೈತಪ್ಪಿದ್ದರಿಂದಲೇ ವ್ರತ ಬರೀ ವ್ರತವಾಗಿ ಉಳಿಯಿತು.

ಆದ್ದರಿಂದ ವಿಭೂತಿ ಬುಧವಾರಕ್ಕೆ ಮೊದಲೇ ಅರ್ಧ ಗಂಟೆ ಬಿಡುವು ಮಾಡಿಕೊಂಡು ಈ ಆರು ಪ್ರಶ್ನೆಗಳನ್ನು ಒಂದೊಂದಾಗಿ, ನಿಧಾನವಾಗಿ ಓದಿಕೊಳ್ಳಿ. ಯಾವ ಪ್ರಶ್ನೆಗೆ ಉತ್ತರ ಕೊಡುವಾಗ ದನಿ ತಗ್ಗುತ್ತದೆ ಎಂದು ಗಮನಿಸಿ. ವರ್ಷಗಳಿಂದ ಮಾತುಬಿಟ್ಟ ಒಡಹುಟ್ಟಿದವರು ನೆನಪಾಗಬಹುದು. ಲೆಕ್ಕದಲ್ಲಿ ಮಾಡಿದ ಮೋಸ, ಯಾರಿಗೂ ಕಾಣದಂತೆ ನೋಡುವ ದೃಶ್ಯಗಳು, ಕುಡಿತ, ಚಾಡಿ, ಅಥವಾ ದೇವರು ತನ್ನನ್ನು ಕೈಬಿಟ್ಟಿದ್ದಾರೆಂಬ ಒಳಗಿನ ಕಹಿ ಮೇಲೆ ಬರಬಹುದು. ಅದನ್ನು ಹೆಸರಿಟ್ಟು ಒಂದು ಸಾಲಿನಲ್ಲಿ ಬರೆದಿಡಿ. ಈ ಸಲದ ತಪಸ್ಸು ಆ ಒಂದು ಜಾಗಕ್ಕೇ ನಾಟಬೇಕು.

ಪ್ರಾರ್ಥನೆ, ಉಪವಾಸ, ದಾನಧರ್ಮ ಎಂಬ ಮೂರನ್ನೂ ಪ್ರಭು ಯೇಸು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಒಟ್ಟಿಗೇ ಹೇಳಿದ್ದಾರೆ. ವಿಭೂತಿ ಬುಧವಾರದ ಬಲಿಪೂಜೆಯಲ್ಲಿ (ಮಾಸ್) ಓದುವುದು ಅದೇ ಭಾಗವನ್ನು. 5ನೇ ಶತಮಾನದಲ್ಲಿ ಇಟಲಿಯ ರವೆನ್ನಾದ ಧರ್ಮಾಧ್ಯಕ್ಷರಾಗಿದ್ದ (ಬಿಷಪ್) ಸಂತ ಪೀಟರ್ ಕ್ರಿಸೊಲೋಗಸ್ ತಮ್ಮ ಜನರಿಗೆ ಬೋಧಿಸಿದ್ದೂ ಇದನ್ನೇ: ಈ ಮೂರೂ ಒಂದಕ್ಕೊಂದು ಜೀವ ಕೊಡುತ್ತವೆ, ಬಿಡಿಸಿದರೆ ಒಂದೂ ಉಳಿಯುವುದಿಲ್ಲ. ಹಾಗಾಗಿ ಮೂರಕ್ಕೂ ತಲಾ ಒಂದೇ ನಿರ್ಧಾರ ಸಾಕು, ಆದರೆ ಮೂರೂ ಆ ಬರೆದಿಟ್ಟ ಸಾಲಿಗೇ ಸಂಬಂಧಿಸಿರಬೇಕು. ಸಮಸ್ಯೆ ದುಡ್ಡಿನ ಮೋಹವಾಗಿದ್ದರೆ ಮಾಂಸ ಬಿಟ್ಟು ಪ್ರಯೋಜನ ಕಡಿಮೆ. ಪ್ರತಿದಿನ ಒಂದು ಖರ್ಚನ್ನು ತಡೆದು ಆ ಹಣವನ್ನು ಅಂದೇ ಬೇರೆ ಡಬ್ಬಿಯಲ್ಲಿ ಹಾಕುವುದು ಉಪವಾಸ, ಪಾಸ್ಕದ ಹಿಂದಿನ ಪವಿತ್ರ ಗುರುವಾರದೊಳಗೆ ಅದನ್ನು ಅಗತ್ಯವಿರುವವರ ಕೈಗೆ ಮುಟ್ಟಿಸುವುದು ದಾನ, ಕೊಡಲು ಮನಸ್ಸು ಬರದಿದ್ದುದೇಕೆಂದು ರಾತ್ರಿ ದೇವರ ಮುಂದೆ ಹೇಳಿಕೊಳ್ಳುವುದು ಪ್ರಾರ್ಥನೆ. ಸಮಸ್ಯೆ ನಾಲಗೆಯದಾಗಿದ್ದರೆ ಉಪವಾಸವೂ ನಾಲಗೆಗೇ ಆಗಬೇಕು: ಎದುರಿಗಿಲ್ಲದವರ ಬಗ್ಗೆ ಮಾತಿಲ್ಲ. ಯಾರ ಹೆಸರು ಕೆಡಿಸಿದ್ದೇವೋ ಅವರ ಒಳ್ಳೆಯ ಗುಣವೊಂದನ್ನು ಅದೇ ಜನರ ಮುಂದೆ ಹೇಳುವುದು ದಾನ.

ನಿರ್ಧಾರವನ್ನು ನಮ್ಮ ಅತ್ಯಂತ ಕೆಟ್ಟ ದಿನಕ್ಕೆ ತಕ್ಕಂತೆ ಅಳೆದು ಇಟ್ಟುಕೊಳ್ಳಬೇಕು, ಉತ್ಸಾಹದ ದಿನಕ್ಕೆ ತಕ್ಕಂತೆ ಅಲ್ಲ. ‘ಹೆಚ್ಚು ಪ್ರಾರ್ಥಿಸುತ್ತೇನೆ’ ಎಂಬುದು ನಿರ್ಧಾರವೇ ಅಲ್ಲ. ‘ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹದಿನೈದು ನಿಮಿಷ ಅಂದಿನ ಶುಭಸಂದೇಶ ಓದುತ್ತೇನೆ’ ಎಂದಾಗ ಸಮಯ, ಕೆಲಸ, ಅಳತೆ ಮೂರೂ ಇರುತ್ತವೆ; ಮಾಡಿದೆವೋ ಇಲ್ಲವೋ ಎಂದು ರಾತ್ರಿ ತಿಳಿಯುತ್ತದೆ. ಹತ್ತು ನಿರ್ಧಾರ ಹೊತ್ತುಕೊಂಡವರು ಸಾಮಾನ್ಯವಾಗಿ ಎರಡನೆಯ ವಾರ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಕೆಳಗಿಡುತ್ತಾರೆ. ತೂಕ ಇಳಿಸುವ ಆಸೆಯನ್ನು ಉಪವಾಸದ ಜೊತೆ ಬೆರೆಸಿದವರಿಗೆ ತೂಕ ಇಳಿಯದಿದ್ದಾಗ ಉಪವಾಸವೂ ಬೇಡವೆನಿಸುತ್ತದೆ. ಇನ್ನೊಂದು ತಪ್ಪು ಇವೆಲ್ಲಕ್ಕಿಂತ ದೊಡ್ಡದು: ತಾವು ಉಪವಾಸವಿದ್ದು ಹಸಿವಿನ ಸಿಡುಕನ್ನು ಮನೆಮಂದಿಯ ಮೇಲೆ ಕಾರುವುದು. ವಿಭೂತಿ ಬುಧವಾರದ ನಂತರದ ಶುಕ್ರವಾರ ಯೆಶಾಯನ 58ನೇ ಅಧ್ಯಾಯವನ್ನು ಓದುವುದು ಸುಮ್ಮನೆ ಅಲ್ಲ. ಜಗಳವಾಡುತ್ತಾ, ಕೂಲಿಯವರನ್ನು ದಬ್ಬಾಳಿಕೆಯಿಂದ ದುಡಿಸುತ್ತಾ ಮಾಡುವ ಉಪವಾಸ ತನಗೆ ಬೇಡವೆಂದು ದೇವರು ಅಲ್ಲಿ ನೇರವಾಗಿ ಹೇಳುತ್ತಾರೆ.

ನಿರ್ಧಾರ ಮುರಿದುಬಿದ್ದ ದಿನ ಏನು ಮಾಡಬೇಕು? ಮರುದಿನ ಅಷ್ಟೇ ಅಳತೆಯಲ್ಲಿ ಮತ್ತೆ ಶುರುಮಾಡಬೇಕು. ತಪ್ಪಿದ್ದಕ್ಕೆ ದಂಡವೆಂದು ದುಪ್ಪಟ್ಟು ಮಾಡಲು ಹೋದರೆ ಅದೂ ಮುರಿಯುತ್ತದೆ. ಮನಸ್ಸು ಒಣಗಿ ಪ್ರಾರ್ಥನೆ ರುಚಿಸದ ಹೊತ್ತಿನಲ್ಲಿ, ಮನಸ್ಸು ಸಮಾಧಾನದಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಸಂತ ಇಗ್ನೇಷಿಯಸ್ ಲೊಯೋಲರ ನಿಯಮ. ಬೇಸರವೇ ಸಲಹೆಗಾರನಾಗಿ ಬರುವ ಮೂರನೆಯ, ನಾಲ್ಕನೆಯ ವಾರಕ್ಕೆ ಇದಕ್ಕಿಂತ ಉಪಯುಕ್ತ ಮಾತಿಲ್ಲ. ರಾತ್ರಿಯ ಆತ್ಮಶೋಧನೆಗೂ ಅವರೇ ಐದು ಹೆಜ್ಜೆ ಕೊಟ್ಟಿದ್ದಾರೆ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಗಂಟೆಗಂಟೆಯಾಗಿ ದಿನದ ಪರಿಶೀಲನೆ, ಕ್ಷಮೆ ಯಾಚನೆ, ನಾಳೆಗೊಂದು ನಿರ್ಧಾರ. ಹತ್ತು ನಿಮಿಷ ಸಾಕು. ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪಿನ ಪಟ್ಟಿಗೆ ಇಳಿದರೆ ಅದು ಪ್ರಾರ್ಥನೆಯಾಗದೆ ತನ್ನನ್ನು ತಾನೇ ಬೈದುಕೊಳ್ಳುವುದಾಗುತ್ತದೆ.

ನಿಯಮದ ವಿಷಯದಲ್ಲೂ ಗೊಂದಲ ಬಹಳ, ಅದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಉಪವಾಸ ಕಡ್ಡಾಯವಾಗಿರುವುದು ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಅಂದು ಒಂದು ಪೂರ್ಣ ಊಟ. ಬೆಳಿಗ್ಗೆ, ಸಂಜೆ ಸ್ವಲ್ಪ ಆಹಾರ ತೆಗೆದುಕೊಳ್ಳಬಹುದು ಎಂದು 1966ರಲ್ಲಿ ಆರನೆಯ ಪೌಲ್ ಪೋಪರು ತಿಳಿಸಿದರು. 18 ವರ್ಷ ತುಂಬಿದವರಿಂದ 59 ತುಂಬುವವರೆಗಿನವರಿಗೆ ಇದು ಅನ್ವಯ. ಮಾಂಸ ತ್ಯಜಿಸುವ ನಿಯಮ 14 ತುಂಬಿದವರಿಗೆಲ್ಲ, ಅದೂ ವಿಭೂತಿ ಬುಧವಾರಕ್ಕೆ ಮತ್ತು ವರ್ಷದ ಎಲ್ಲ ಶುಕ್ರವಾರಗಳಿಗೆ; ಮಹೋತ್ಸವ (ಅತ್ಯುನ್ನತ ದರ್ಜೆಯ ಹಬ್ಬ) ಬಿದ್ದ ಶುಕ್ರವಾರಕ್ಕೆ ಮಾತ್ರ ವಿನಾಯಿತಿ. ಮಾಂಸದ ಬದಲು ಬೇರೆ ಆಹಾರವನ್ನೋ ಬೇರೆ ಪ್ರಾಯಶ್ಚಿತ್ತವನ್ನೋ ಗೊತ್ತುಮಾಡುವ ಅಧಿಕಾರ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗಿದೆ. ಕಾಯಿಲೆಯವರು, ಗರ್ಭಿಣಿಯರು, ಹಾಲೂಡುವ ತಾಯಂದಿರು ಆರೋಗ್ಯ ಕೆಡಿಸಿಕೊಂಡು ಉಪವಾಸ ಮಾಡಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಹಟ ಹಿಡಿದು ಊಟ ಬಿಡುವುದು ಭಕ್ತಿಯಲ್ಲ. ಅವರು ಬೇರೆ ತ್ಯಾಗ ಆರಿಸಿಕೊಳ್ಳಲಿ.

ಭಾನುವಾರ ಬಿಡುವು ಉಂಟೇ ಎಂಬುದು ಪ್ರತಿಸಲದ ಚರ್ಚೆ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ. 6 ಭಾನುವಾರ ಕಳೆದರೆ 40. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ತಿನ್ನುವ ವಸ್ತುವನ್ನು ಬಿಟ್ಟವರು ಅಂದು ತಿನ್ನಬಹುದು. ಆದರೆ ಚಾಡಿಯನ್ನೋ ಕುಡಿತವನ್ನೋ ಬಿಟ್ಟವರಿಗೆ ಭಾನುವಾರದ ರಜೆ ಇಲ್ಲ. ಪಾಪಕ್ಕೆ ಬಿಡುವಿನ ದಿನ ಕೊಡಲಾಗದು.

ಇನ್ನು ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರ. ಹೆಚ್ಚಿನವರು ಇದನ್ನು ಪಾಸ್ಕದ ಹಿಂದಿನ ಪವಿತ್ರ ವಾರದವರೆಗೆ ತಳ್ಳುತ್ತಾರೆ. ಆಗ ಸಾಲು ಉದ್ದ, ಗುರುಗಳಿಗೂ ಪುರುಸೊತ್ತಿಲ್ಲ, ಎರಡು ನಿಮಿಷದಲ್ಲಿ ಬಾಯಿಪಾಠದ ನಾಲ್ಕು ಮಾತು ಒಪ್ಪಿಸಿ ಎದ್ದು ಬರುವುದಾಗುತ್ತದೆ. ಮೂರನೆಯ ಅಥವಾ ನಾಲ್ಕನೆಯ ವಾರವೇ ಸರಿಯಾದ ಸಮಯ. ಅಷ್ಟರಲ್ಲಿ ತಪಸ್ಸು ನಮ್ಮ ನಿಜವಾದ ದೌರ್ಬಲ್ಯವನ್ನು ಹೊರಗೆಳೆದಿರುತ್ತದೆ, ತಿದ್ದಿಕೊಳ್ಳಲು ಎರಡು ವಾರವಾದರೂ ಉಳಿದಿರುತ್ತವೆ. ಹಿಂದಿನ ರಾತ್ರಿಯೇ ಆತ್ಮಶೋಧನೆ ಮಾಡಿ. ದೇವರು, ಮನೆಯವರು, ಕೆಲಸ, ಹಣ, ದೇಹ, ಮಾತು ಎಂದು ಒಂದೊಂದೇ ಸಂಬಂಧವನ್ನು ತೆಗೆದುಕೊಂಡರೆ ಮರೆವು ಕಡಿಮೆ. ಒಳಗೆ ಹೋದಾಗ ಹಿಂದಿನ ಪಾಪನಿವೇದನೆಯಿಂದ ಎಷ್ಟು ಕಾಲವಾಯಿತೆಂದು ಮೊದಲು ಹೇಳಿ. ಗಂಭೀರ ಪಾಪವಿದ್ದರೆ ಯಾವ ಬಗೆಯದು, ಸುಮಾರು ಎಷ್ಟು ಬಾರಿ ಎಂಬುದನ್ನು ಸುತ್ತುಬಳಸದೆ ತಿಳಿಸಿ. ಕಥೆ ಬೇಡ, ಗಂಡನ ಅಥವಾ ಅತ್ತೆಯ ತಪ್ಪಿನ ವಿವರವೂ ಬೇಡ. ಮರೆತುಹೋದ ಪಾಪ ಕ್ಷಮಿಸಲ್ಪಡುತ್ತದೆ. ಅದು ಗಂಭೀರವಾದದ್ದಾಗಿ ಮುಂದೆ ನೆನಪಾದರೆ ಮುಂದಿನ ಬಾರಿ ಹೇಳಬೇಕು. ಬೇಕೆಂದೇ ಗಂಭೀರ ಪಾಪವನ್ನು ಮುಚ್ಚಿಟ್ಟರೆ ಮಾತ್ರ ಆ ಪಾಪನಿವೇದನೆಯೇ ನಿಷ್ಫಲ. ನಾಚಿಕೆಯಿಂದ ಹಿಂಜರಿಯುವವರು ಒಂದು ಸಂಗತಿ ನೆನಪಿಡಲಿ: ಕೇಳಿದ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ, ಯಾರಿಗೂ ಬಿಟ್ಟುಕೊಡುವಂತಿಲ್ಲ. ನಾಲಗೆ ಏಳದಿದ್ದರೆ ‘ಹೇಳಲು ಕಷ್ಟವಾಗುವ ವಿಷಯವೊಂದಿದೆ, ಸಹಾಯ ಮಾಡಿ’ ಎಂದರೂ ಸಾಕು, ಮುಂದಿನದನ್ನು ಅವರು ಕೇಳಿ ತಿಳಿಯುತ್ತಾರೆ.

ವಿಧಿಸಿದ ಪ್ರಾಯಶ್ಚಿತ್ತವನ್ನು ಅಂದೇ ಮುಗಿಸುವುದು ಒಳ್ಳೆಯದು, ನಾಳೆ ಎಂದರೆ ಮರೆಯುತ್ತದೆ. ಕದ್ದದ್ದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಸರಿಪಡಿಸುವುದು ಇವು ಪ್ರಾರ್ಥನೆ ಹೇಳಿದ ಮಾತ್ರಕ್ಕೆ ತೀರುವ ಋಣಗಳಲ್ಲ.

ನಲವತ್ತರ ಲೆಕ್ಕ ಶನಿವಾರದವರೆಗೆ ಇದ್ದರೂ, ಪೂಜಾವಿಧಿಯ ಪ್ರಕಾರ ಪವಿತ್ರ ಗುರುವಾರ ಸಂಜೆಯ ಬಲಿಪೂಜೆಗೆ ಮುಂಚೆಯೇ ತಪಸ್ಸು ಕಾಲ ಮುಗಿಯುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅಲ್ಲಿಂದ ಪಾಸ್ಕ ಭಾನುವಾರದ ಸಂಜೆಯವರೆಗೆ ಪಾಸ್ಕದ ತ್ರಿದಿನ. ಅದು ಇಡೀ ವರ್ಷದ ಶಿಖರ. ಶುಭ ಶುಕ್ರವಾರಕ್ಕೆ ದೇವಾಲಯ ತುಂಬಿ ತುಳುಕುತ್ತದೆ, ಶನಿವಾರ ರಾತ್ರಿ ಅರ್ಧಕ್ಕೆ ಇಳಿಯುತ್ತದೆ. ಭಾನುವಾರದ ಪೂಜೆ ಇದೆಯಲ್ಲ ಎಂದು ಜಾಗರಣೆಯನ್ನು ಬಿಡುವವರು ತಾವು ಆರು ವಾರ ಯಾವುದಕ್ಕಾಗಿ ಸಿದ್ಧರಾದರೋ ಅದನ್ನೇ ಬಿಟ್ಟಂತಾಗುತ್ತದೆ. ಕತ್ತಲಾದ ಮೇಲೆ ಹೊಸ ಬೆಂಕಿಯನ್ನು ಆಶೀರ್ವದಿಸುತ್ತಾರೆ. ಪಾಸ್ಕ ಮೊಂಬತ್ತಿಯ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿಗಳನ್ನು ಗುರುತಿಸಿ, ಪ್ರಭುವಿನ ಐದು ಗಾಯಗಳ ನೆನಪಿಗೆ ಧೂಪದ ಐದು ಕಣಗಳನ್ನು ಚುಚ್ಚುತ್ತಾರೆ. ಆ ಒಂದು ಜ್ವಾಲೆಯಿಂದಲೇ ಎಲ್ಲರ ಮೊಂಬತ್ತಿಗಳು ಹೊತ್ತಿಕೊಳ್ಳುತ್ತವೆ. ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳಿವೆ. ಅಗತ್ಯವಿದ್ದರೆ ಮೂರಕ್ಕೆ ಇಳಿಸಬಹುದು. ಆದರೆ ಇಸ್ರಯೇಲರು ಕೆಂಪು ಸಮುದ್ರ ದಾಟಿದ ವಿಮೋಚನಾಕಾಂಡದ 14ನೇ ಅಧ್ಯಾಯವನ್ನು ಎಂದೂ ಬಿಡುವಂತಿಲ್ಲ, ಏಕೆಂದರೆ ಅದೇ ಜ್ಞಾನಸ್ನಾನದ ಮುನ್ಸೂಚನೆ. ಹಿಂದಿನ ವಾರವೇ ಈ ವಾಚನಗಳನ್ನು ಮನೆಯಲ್ಲಿ ದಿನಕ್ಕೊಂದರಂತೆ ಓದಿಕೊಂಡು ಹೋದರೆ ಅಂದು ಅವು ಉದ್ದವೆನಿಸುವುದಿಲ್ಲ. ಮಕ್ಕಳಿಗೆ ನಿದ್ದೆಯ ಚಿಂತೆಯಾದರೆ ಮಧ್ಯಾಹ್ನವೇ ಮಲಗಿಸಿ ಕರೆದುಕೊಂಡು ಬನ್ನಿ.

ಬರೆಯಲೇಬೇಕೆನಿಸಿದ ಮಾತು ಈಗ ಬಂತು. ಪಾಸ್ಕ ಕಾಲ ಒಂದು ದಿನದ್ದಲ್ಲ, 50 ದಿನಗಳದ್ದು. 2027ರಲ್ಲಿ ಫೆಬ್ರುವರಿ 10ಕ್ಕೆ ವಿಭೂತಿ ಬುಧವಾರ, ಮಾರ್ಚ್ 28ಕ್ಕೆ ಪಾಸ್ಕ. ಆದರೆ ಪಾಸ್ಕ ಕಾಲ ಮುಗಿಯುವುದು ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದುದನ್ನು ಸ್ಮರಿಸುವ, ಮೇ 16ರ ಪೆಂತೆಕೋಸ್ತ್ ಹಬ್ಬಕ್ಕೆ. ಈ 50 ದಿನಗಳನ್ನು ಒಂದೇ ಮಹಾ ಭಾನುವಾರದಂತೆ ಆಚರಿಸಬೇಕೆಂಬುದು ಧರ್ಮಸಭೆಯ ನಿಯಮ. ದುಃಖಕ್ಕೆ 40 ದಿನ ಇಟ್ಟ ಧರ್ಮಸಭೆ ಆನಂದಕ್ಕೆ ಅದಕ್ಕಿಂತ ಹೆಚ್ಚು ದಿನ ಇಟ್ಟಿದೆ. ಹಾಗಿರುವಾಗ ಯೇಸುವಿನ ಯಾತನೆಯನ್ನು ಸ್ಮರಿಸುವ ಶಿಲುಬೆಹಾದಿಯ ಪ್ರಾರ್ಥನೆಗೆ ಪ್ರತಿ ಶುಕ್ರವಾರ ತಪ್ಪದೆ ಬರುವ ನಾವು ಪಾಸ್ಕದ ಎರಡನೆಯ ವಾರಕ್ಕೇ ಮಾಯವಾಗುವುದೇಕೆ? ತ್ಯಾಗ ಮಾಡಲು ನಮಗೆ ಯಾರೋ ಕಲಿಸಿದ್ದಾರೆ, ಪುನರುತ್ಥಾನದಲ್ಲಿ ಬದುಕಲು ಯಾರೂ ಕಲಿಸಲಿಲ್ಲ. ಮೊದಲ ಶತಮಾನಗಳಲ್ಲಿ ಹೀಗಿರಲಿಲ್ಲ. 4ನೇ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲ್, ಮಿಲಾನಿನ ಸಂತ ಆಂಬ್ರೋಸ್ ಮುಂತಾದ ಧರ್ಮಾಧ್ಯಕ್ಷರು ಹೊಸದಾಗಿ ಜ್ಞಾನಸ್ನಾನ ಪಡೆದವರನ್ನು ಪಾಸ್ಕದ ನಂತರವೂ ಕೂರಿಸಿಕೊಂಡು, ಅವರು ಪಡೆದದ್ದು ಏನೆಂದು ಬಿಡಿಸಿ ಹೇಳುತ್ತಿದ್ದರು. ಸಂಸ್ಕಾರಗಳ ಒಳ ಅರ್ಥವನ್ನು ಹೇಳುತ್ತಿದ್ದುದು ಹೆಚ್ಚಾಗಿ ಆಗಲೇ.

ಹಾಗಾದರೆ ಮಾಡಬೇಕಾದ್ದೇನು? ತಪಸ್ಸು ಕಾಲದಲ್ಲಿ ಬಿಡುವು ಮಾಡಿಕೊಂಡ ಆ ಹದಿನೈದು ನಿಮಿಷವನ್ನು ಮೊಬೈಲಿಗೆ ಹಿಂದಿರುಗಿಸಬೇಡಿ. ಪಾಸ್ಕ ಕಾಲದ ಪೂಜೆಗಳಲ್ಲಿ ಮೊದಲ ವಾಚನ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಿಂದ, ಶುಭಸಂದೇಶ ಹೆಚ್ಚಾಗಿ ಸಂತ ಯೊವಾನ್ನರದ್ದು. ಮೊದಲನೆಯದರಲ್ಲಿ 28 ಅಧ್ಯಾಯ, ಎರಡನೆಯದರಲ್ಲಿ 21, ಒಟ್ಟು 49. ದಿನಕ್ಕೊಂದು ಅಧ್ಯಾಯ ಓದಿದರೆ ಪೆಂತೆಕೋಸ್ತ್ ಹಬ್ಬದ ಹಿಂದಿನ ದಿನ ಎರಡೂ ಮುಗಿಯುತ್ತವೆ. ಡಬ್ಬಿಗೆ ಹಾಕುತ್ತಿದ್ದ ಹಣವನ್ನು ನಿಲ್ಲಿಸದೆ, ಅದರ ಕಾಲು ಭಾಗವನ್ನಾದರೂ ತಿಂಗಳ ಖರ್ಚಿನ ಪಟ್ಟಿಯಲ್ಲಿ ಖಾಯಂ ಮಾಡಿ. ಬಿಟ್ಟಿದ್ದ ಸಿಹಿಯನ್ನು ಸಂತೋಷವಾಗಿ ತಿನ್ನಿ, ಅದು ಒಳ್ಳೆಯ ವಸ್ತು. ಬಿಟ್ಟಿದ್ದ ಪಾಪವನ್ನು ಮಾತ್ರ ಹಿಂದಕ್ಕೆ ಕರೆಯಬೇಡಿ. ಎರಡಕ್ಕೂ ಇರುವ ಈ ವ್ಯತ್ಯಾಸ ಹಬ್ಬದ ಗಡಿಬಿಡಿಯಲ್ಲಿ ಮರೆತುಹೋಗುವುದರಿಂದಲೇ ಹಳೆಯ ಚಟಗಳು ಮೊದಲ ವಾರದಲ್ಲೇ ಮರಳುತ್ತವೆ. ಮಾತುಬಿಟ್ಟವರೊಡನೆ ತಪಸ್ಸು ಕಾಲದಲ್ಲಿ ರಾಜಿಯಾಗಿದ್ದರೆ ಈ 50 ದಿನಗಳೊಳಗೆ ಒಮ್ಮೆ ಜೊತೆಯಲ್ಲಿ ಊಟ ಮಾಡಿ. ಪುನರುತ್ಥಾನದ ಪ್ರಭು ಎಮ್ಮಾವುಸ್ ಎಂಬ ಹಳ್ಳಿಯಲ್ಲಿ ಶಿಷ್ಯರಿಗೆ ಗುರುತು ಸಿಕ್ಕಿದ್ದೂ ಊಟಕ್ಕೆ ಕುಳಿತು ರೊಟ್ಟಿ ಮುರಿದಾಗಲೇ.

ತ್ರಿಕಾಲ ಪ್ರಾರ್ಥನೆಯ ಬದಲು ಈ ದಿನಗಳಲ್ಲಿ ಮಾತೆ ಮರಿಯಮ್ಮನವರಿಗೆ ಸ್ವರ್ಗದ ರಾಣಿಯೇ ಆನಂದಿಸು ಎಂಬ ಪ್ರಾರ್ಥನೆ ಹೇಳುತ್ತೇವೆ. ಪಾಸ್ಕದ ಮೊದಲ ವಾರದ ಪ್ರತಿದಿನವೂ ಮಹೋತ್ಸವವಾದ್ದರಿಂದ ಆ ಶುಕ್ರವಾರ ಮಾಂಸ ತ್ಯಾಗವಿಲ್ಲ. 40ನೇ ದಿನ ಪ್ರಭುವಿನ ಸ್ವರ್ಗಾರೋಹಣ. ಮರುದಿನದ ಶುಕ್ರವಾರದಿಂದ ಪೆಂತೆಕೋಸ್ತ್ ಹಿಂದಿನ ಶನಿವಾರದವರೆಗೆ ಸರಿಯಾಗಿ ಒಂಬತ್ತು ದಿನ. ಪ್ರೇಷಿತರು ಮಾತೆ ಮರಿಯಮ್ಮನವರೊಂದಿಗೆ ಪವಿತ್ರಾತ್ಮರಿಗಾಗಿ ಕಾದು ಪ್ರಾರ್ಥಿಸಿದ ದಿನಗಳವು. ನೊವೇನಾ (ಒಂಬತ್ತು ದಿನಗಳ ಪ್ರಾರ್ಥನೆ) ಮಾಡುವವರು ವರ್ಷದಲ್ಲಿ ಒಂದನ್ನೇ ಆರಿಸಬೇಕೆಂದಿದ್ದರೆ ಇದನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ತಪಸ್ಸು ಕಾಲವನ್ನು ಪೂರ್ತಿ ಕಳೆದುಕೊಂಡವರಿಗೆ. ವರ್ಷಕ್ಕೊಮ್ಮೆಯಾದರೂ ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಬೇಕೆಂಬ ಕಟ್ಟಳೆಯನ್ನು ಧರ್ಮಸಭೆ ಪಾಸ್ಕ ಕಾಲದಲ್ಲಿ ಪೂರೈಸಲು ಹೇಳುತ್ತದೆಯೇ ಹೊರತು ಪವಿತ್ರ ವಾರದೊಳಗೇ ಎಂದು ಹೇಳುವುದಿಲ್ಲ. ಗಂಭೀರ ಪಾಪವಿದ್ದರೆ ಮೊದಲು ಪಾಪನಿವೇದನೆ, ಅದಕ್ಕೂ ಅವಕಾಶ ಮುಚ್ಚಿಲ್ಲ. ಹಬ್ಬದ ನೂಕುನುಗ್ಗಲು ಕಳೆದ ಮೇಲೆ ಗುರುಗಳಿಗೂ ಬಿಡುವಿರುತ್ತದೆ. ಹತ್ತು ವರ್ಷದಿಂದ ಹೋಗದವರು ‘ಬಹಳ ಕಾಲವಾಯಿತು, ಹೇಗೆ ಮಾಡಬೇಕೆಂದೇ ಮರೆತಿದ್ದೇನೆ’ ಎಂದು ಹೇಳಿಕೊಂಡು ಯಾವುದಾದರೊಂದು ಶನಿವಾರ ಸಂಜೆ ಹೋಗಿ ನಿಲ್ಲಲಿ. ಪೆಂತೆಕೋಸ್ತ್‌ವರೆಗೆ ಸಮಯವಿದೆ.

ಇತಿ,
ಒಬ್ಬ ಧರ್ಮೋಪದೇಶ ಶಿಕ್ಷಕಿ